ಚೆಲ್ಲಿದ ಕಾಳು

ಅಕ್ಕಿ ಆರಿಸುವಾಗ ನಾಲ್ಕು ಕಾಳು ಮೊರದಿಂದ ಹೊರಗೆ ಬಿದ್ದರೆ ಅಪ್ಪ ಬಗ್ಗಿ ಆಯ್ದು ಮತ್ತೆ ಮೊರಕ್ಕೆ ಹಾಕುತ್ತಿದ್ದರು. "ಶೆಡ್‌ನಲ್ಲಿ ಚೆಲ್ಲೋದು ಸಾಲದೇನೇ?" ಎನ್ನುತ್ತಿದ್ದರು. ಅವರು ಬೆಂಗಳೂರಿನಲ್ಲಿ ಗೂಡ್ಸ್ ಕ್ಲಾರ್ಕ್. ಆ ಮಾತಿನ ಹಿಂದೆ ನೂರು ವರ್ಷದ ಚರಿತ್ರೆಯಿದೆಯೆಂದು ನನಗೆ ಹೊಳೆದದ್ದು, ನಾನೇ ಚರಿತ್ರೆ ಪಾಠ ಹೇಳಲು ನಿಂತ ಮೇಲೆ.

ಮದ್ರಾಸ್ ರೈಲ್ವೆ ಕಂಪೆನಿಯ ಹಳಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದದ್ದು 1864ರಲ್ಲಿ. ಅಲ್ಲಿಂದ ಮೈಸೂರಿನ ಕಡೆಗೆ ರೈಲಿರಲಿಲ್ಲ. 1876-78ರ ಧಾತು-ಈಶ್ವರ ಕ್ಷಾಮದಲ್ಲಿ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬಂತು. ಮುಂದಕ್ಕೆ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೋ ಮೇವಿಲ್ಲ. ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ಆ ಪೆಟ್ಟು ತಿಂದ ಮೇಲೆ ಸಂಸ್ಥಾನ ತನ್ನದೇ ಹಳಿ ಹಾಕಿತು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಆದರೆ ಮದ್ರಾಸಿನ ಹಳಿ ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್. ಇದು ಖರ್ಚು ಕಡಿಮೆಯೆಂದು ಹಾಕಿದ ಮೀಟರ್‌ಗೇಜ್, ಮೂರೂಕಾಲು ಅಡಿ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. 1951ರಲ್ಲಿ ಎರಡೂ ಸದರ್ನ್ ರೈಲ್ವೆಗೆ ಸೇರಿದವು. ಮಾಲೀಕರು ಒಂದಾದರು, ಹಳಿಗಳು ಒಂದಾಗಲಿಲ್ಲ.

ಹೀಗಾಗಿ ಸರಕು ಬೆಂಗಳೂರಿನಲ್ಲಿ ಕೈ ಬದಲಾಯಿಸಬೇಕಿತ್ತು. ಬುತ್ತಿ ಕೊಡಲು ಹೋದಾಗ ನಾನೇ ನೋಡಿದ್ದೇನೆ. ಈ ಕಡೆ ದೊಡ್ಡ ವ್ಯಾಗನ್, ಆ ಕಡೆ ಚಿಕ್ಕದು, ನಡುವೆ ಕಟ್ಟೆ. ಅಪ್ಪ ಸೀಲು ಸರಿಯಿದೆಯೇ ನೋಡಿ ಒಡೆಸುವರು. ಹಮಾಲರು ಕೊಕ್ಕೆ ಹಾಕಿ ಮೂಟೆ ಬೆನ್ನಿಗೇರಿಸುವರು. ಅಪ್ಪ ಎಣಿಸಿ, ಬರೆದು, ಸಹಿ ಮಾಡಿ, ಹೊಸ ಸೀಲು ಹಾಕಿಸುವರು. ಕೊಕ್ಕೆ ತಾಗಿದಲ್ಲೆಲ್ಲ ಕಾಳು ಸುರಿಯುತ್ತಿತ್ತು.

ಆ ಕಾಳಿಗಾಗಿ ಪೊರಕೆ, ಮೊರ ಹಿಡಿದು ಹೆಂಗಸರು ಕಾದಿರುತ್ತಿದ್ದರು. ಗುಡಿಸಿ ಒಯ್ಯುವುದು ಕಾನೂನಲ್ಲ. ಅಪ್ಪ ಆ ಹೊತ್ತಿಗೆ ಸರಿಯಾಗಿ ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದರು. ಮನೆಯಲ್ಲಿ ನಾಲ್ಕು ಕಾಳು ಬಿಡದವರು!

ಒಮ್ಮೆ ಅವರಲ್ಲೊಬ್ಬ ಮುದುಕಿ ನನಗೆ ಹೇಳಿದಳು: "ನಮ್ಮಜ್ಜಿ ಕಾಲದಾಗೆ ಟೇಸನ್ನಾಗೆ ಕಾಳಿತ್ತಂತೆ ಕಣವ್ವ. ನಮ್ಮೂರಿಗೆ ಬರನೇ ಇಲ್ವಂತೆ."

1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲ ಮಾಡುವ ಯೂನಿಗೇಜ್ ಯೋಜನೆ ಶುರುವಾಯಿತು. ಮೈಸೂರಿನ ಹಳಿಯೂ ಬ್ರಾಡ್‌ಗೇಜ್ ಆಯಿತು. ಈಗ ಎಲ್ಲಿಯದೋ ಅಕ್ಕಿ, ಸೀಲು ಒಡೆಯದೆ, ಬೆಂಗಳೂರು ದಾಟಿ ಹೋಗುತ್ತದೆ. ಬರಗಾಲದಲ್ಲಿ ಸತ್ತವರನ್ನು ನೆನೆದರೆ, ಇದು ಆಗಲೇಬೇಕಾಗಿದ್ದ ಕೆಲಸ. ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ.

ಆದರೆ ಪೊರಕೆ ಹಿಡಿದು ಕಾದಿದ್ದವರು ಆಮೇಲೆ ಎಲ್ಲಿಗೆ ಹೋದರೆಂದು ಯಾವ ಪುಸ್ತಕದಲ್ಲೂ ಇಲ್ಲ. ಅಪ್ಪನ ಲೆಕ್ಕದಲ್ಲೂ ಅವರು ಇರಲಿಲ್ಲ. ಅಕ್ಕಿ ಆರಿಸುವಾಗ ಕಾಳು ಬಿದ್ದರೆ ನಾನೂ ಈಗ ಬಗ್ಗಿ ಆಯುತ್ತೇನೆ. ಆ ಮುದುಕಿ ನೆನಪಾಗುತ್ತಾಳೆ.