ಅಮೆರಿಕನ್ ಸ್ಟಡೀಸ್ ಅಸೋಸಿಯೇಷನ್

ಅಮೆರಿಕ ಸಂಯುಕ್ತ ಸಂಸ್ಥಾನದ ಸಂಸ್ಕೃತಿ ಹಾಗೂ ಇತಿಹಾಸವನ್ನು ಹಲವು ಜ್ಞಾನಶಿಸ್ತುಗಳ ನೆರವಿನಿಂದ ಅಧ್ಯಯನ ಮಾಡುವ ವಿದ್ವಾಂಸರ ಸಂಘ. ಸ್ಥಾಪನೆ 1951. ಸಾಹಿತ್ಯ ಮತ್ತು ಇತಿಹಾಸ ವಿಭಾಗಗಳ ನಡುವಣ ಗೋಡೆಯನ್ನು ದಾಟಬಯಸಿದ ಅಧ್ಯಾಪಕರ ಪ್ರಯತ್ನದಿಂದ ರೂಪುಗೊಂಡಿತು. ಮುಖಪತ್ರಿಕೆ 'ಅಮೆರಿಕನ್ ಕ್ವಾರ್ಟರ್ಲಿ' ಸಂಘಕ್ಕಿಂತ ಹಳೆಯದು. 1949ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಅದನ್ನು ಈಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮುದ್ರಣಾಲಯ ಪ್ರಕಟಿಸುತ್ತದೆ.

ಮೊದಲ ತಲೆಮಾರಿನವರು ಪುರಾಣಕಲ್ಪನೆ ಮತ್ತು ಪ್ರತೀಕಗಳ ಮೂಲಕ ಒಂದು ಅಖಂಡ ರಾಷ್ಟ್ರೀಯ ಮನೋಧರ್ಮವನ್ನು ಹುಡುಕಿದರು. ಹೆನ್ರಿ ನ್ಯಾಶ್ ಸ್ಮಿತ್‌ರ 'ವರ್ಜಿನ್ ಲ್ಯಾಂಡ್' (1950) ಈ ಪಂಥದ ಪ್ರಮುಖ ಕೃತಿ. 1960ರ ದಶಕದ ನಾಗರಿಕ ಹಕ್ಕುಗಳ ಹಾಗೂ ಮಹಿಳಾ ಚಳವಳಿಗಳ ಪ್ರಭಾವದಿಂದ ಈ ಅಖಂಡತೆಯೇ ಪ್ರಶ್ನೆಗೊಳಗಾಗಿ, ಜನಾಂಗ, ಲಿಂಗ, ವರ್ಗ, ಸಾಮ್ರಾಜ್ಯಶಾಹಿ ಮುಖ್ಯ ವಿಷಯಗಳಾದವು. 1998ರ ಅಧ್ಯಕ್ಷ ಭಾಷಣದಲ್ಲಿ ಜಾನಿಸ್ ರ್‍ಯಾಡ್‌ವೇ ಸಂಘದ ಹೆಸರಿನಲ್ಲಿರುವ 'ಅಮೆರಿಕನ್' ಪದವನ್ನೇ ಚರ್ಚೆಗೆತ್ತಿಕೊಂಡರು. ಪದವು ಇಂದಿಗೂ ಉಳಿದಿದೆ.

ಸಂಘವು ವಾರ್ಷಿಕ ಸಮ್ಮೇಳನ ನಡೆಸುತ್ತದೆ. ಉತ್ತಮ ಗ್ರಂಥಕ್ಕೆ ಇತಿಹಾಸಕಾರ ಜಾನ್ ಹೋಪ್ ಫ್ರ್ಯಾಂಕ್ಲಿನ್ ಹೆಸರಿನ ಪ್ರಶಸ್ತಿ ನೀಡುತ್ತದೆ. ಇಸ್ರೇಲಿನ ವಿದ್ಯಾಸಂಸ್ಥೆಗಳನ್ನು ಬಹಿಷ್ಕರಿಸುವ ನಿರ್ಣಯವನ್ನು 2013ರ ಡಿಸೆಂಬರ್‌ನಲ್ಲಿ ಸದಸ್ಯರ ಮತದಾನದ ಮೂಲಕ ಅಂಗೀಕರಿಸಿದ್ದು ತೀವ್ರ ವಿವಾದಕ್ಕೂ ನ್ಯಾಯಾಲಯದ ವ್ಯಾಜ್ಯಕ್ಕೂ ಕಾರಣವಾಯಿತು.