ವಾರಾನ್ನದ ಎಲೆಯಿಂದ ವಿದ್ಯಾರ್ಥಿನಿಲಯದ ಪಂಕ್ತಿಗೆ

ಓದಿಗಾಗಿ ಊರು ಬಿಟ್ಟು ಬಂದ ಹುಡುಗನು ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಶಿಕ್ಷಣದ ಚರಿತ್ರೆಯನ್ನು ಬರೆದವರು ಈ ಉತ್ತರಗಳನ್ನು ಸಾಮಾನ್ಯವಾಗಿ ದಾನಧರ್ಮದ ಲೆಕ್ಕಕ್ಕೆ ಸೇರಿಸಿ, ಶಾಲೆ, ಪಠ್ಯ, ಪರೀಕ್ಷೆಗಳತ್ತ ಹೊರಳಿಬಿಡುತ್ತಾರೆ. ಆದರೆ ಸಾಮಾಜೀಕರಣ, ಎಂದರೆ ಒಂದು ಗುಂಪಿನ ನಡೆ, ನುಡಿ, ನಂಬಿಕೆ, ನಾಚಿಕೆಗಳನ್ನು ವ್ಯಕ್ತಿಯು ಕ್ರಮೇಣ ತನ್ನವಾಗಿಸಿಕೊಳ್ಳುವ ಪ್ರಕ್ರಿಯೆ, ಬಾಲ್ಯದ ಮನೆಯಲ್ಲಿಯೇ ಮುಗಿದುಹೋಗುವುದಿಲ್ಲ. ಪೀಟರ್ ಬರ್ಗರ್ ಮತ್ತು ಥಾಮಸ್ ಲುಕ್‌ಮನ್ ಎಂಬ ಸಮಾಜಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಾಯಿತಂದೆಯರ ನಡುವೆ ನಡೆಯುವುದನ್ನು ಪ್ರಾಥಮಿಕ ಸಾಮಾಜೀಕರಣವೆಂದೂ, ಆ ಬಳಿಕ ಹೊಸ ಸಂಸ್ಥೆಗಳಲ್ಲಿ, ಹೊಸ ಜನರ ನಡುವೆ ನಡೆಯುವುದನ್ನು ದ್ವಿತೀಯ ಸಾಮಾಜೀಕರಣವೆಂದೂ ಕರೆದರು. ಈ ಎರಡನೆಯದು ಕರ್ನಾಟಕದಲ್ಲಿ ಹೇಗೆ ನಡೆಯಿತು ಎಂಬುದನ್ನು ತಿಳಿಯಬೇಕಾದರೆ ತರಗತಿಗಿಂತ ಊಟದ ಮನೆಯನ್ನು ನೋಡುವುದು ಮೇಲು. ಏಕೆಂದರೆ ತರಗತಿಯಲ್ಲಿ ಹುಡುಗನು ಪಾಠ ಕಲಿತನು, ಪಂಕ್ತಿಯಲ್ಲಿ ತಾನು ಯಾರೆಂಬುದನ್ನು ಕಲಿತನು.

ವಿದ್ಯಾರ್ಥಿಗೆ ಅನ್ನ, ವಸತಿಗಳನ್ನು ಒದಗಿಸುವ ಪದ್ಧತಿ ಹಳೆಯದು. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯ ಕ್ರಿ.ಶ. 945ರ ಶಾಸನವು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಹಲವು ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದುದನ್ನು ಹೇಳಿ, ಅವರ ವಾಸದ ಮನೆಗಳಿಗೆ ಬಿಟ್ಟ ದತ್ತಿಯನ್ನು ನಮೂದಿಸುತ್ತದೆ. ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನವಂತೂ ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನದ ಜೊತೆಯಲ್ಲಿಯೇ ದೀನರು, ಅನಾಥರು, ಅಂಗವಿಕಲರಿಗೆ ನಡೆಯುತ್ತಿದ್ದ ಅನ್ನದಾನವನ್ನೂ ರೋಗಿಗಳ ಆರೈಕೆಯನ್ನೂ ಹೆಸರಿಸುತ್ತದೆ. ಅಗ್ರಹಾರ, ಘಟಿಕಾಸ್ಥಾನ, ಮಠಗಳ ಈ ಲೋಕದಲ್ಲಿ ಅನ್ನ ಕೊಡುತ್ತಿದ್ದವರೂ ವಿದ್ಯೆ ಕೊಡುತ್ತಿದ್ದವರೂ ಬಹುಮಟ್ಟಿಗೆ ಒಂದೇ ಸಂಸ್ಥೆಗೆ ಸೇರಿದವರಾಗಿದ್ದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಂಟು ಕಡಿಯಿತು. ಇಂಗ್ಲಿಷ್ ವಿದ್ಯೆಯನ್ನು ಸರ್ಕಾರವೂ ಮಿಷನ್‌ಗಳೂ ಕೊಡತೊಡಗಿದವು. ಆದರೆ ಹೈಸ್ಕೂಲು, ಕಾಲೇಜುಗಳು ಮೈಸೂರು, ಬೆಂಗಳೂರು, ಧಾರವಾಡ, ಬೆಳಗಾವಿ, ಮಂಗಳೂರಿನಂಥ ಕೆಲವೇ ಪಟ್ಟಣಗಳಲ್ಲಿದ್ದುದರಿಂದ, ಲೋವರ್ ಸೆಕೆಂಡರಿ ಮುಗಿಸಿದ ಹಳ್ಳಿಯ ಹುಡುಗನು ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೇ ಮನೆ ಬಿಡಬೇಕಾಯಿತು. ಸರ್ಕಾರವು ಮೇಷ್ಟರನ್ನು ಕೊಟ್ಟಿತೇ ಹೊರತು ಅನ್ನವನ್ನು ಕೊಡಲಿಲ್ಲ. ಆ ತೆರವನ್ನು ಬಡ ಬ್ರಾಹ್ಮಣ ಹುಡುಗರ ಮಟ್ಟಿಗೆ ತುಂಬಿದ್ದು ವಾರಾನ್ನ.

ವಾರಾನ್ನವೆಂದರೆ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆಯಾ ದಿನ ಆಯಾ ಮನೆಯಲ್ಲಿ ಉಣ್ಣುವ ಏರ್ಪಾಡು. ಬಂಧುವೋ ಮೇಷ್ಟರೋ ಪರಿಚಯದ ವಕೀಲರೋ ಒಂದೆರಡು ಮನೆಗಳಿಗೆ ಹೇಳಿಕೊಡುತ್ತಿದ್ದರು. ಉಳಿದವನ್ನು ಹುಡುಗನೇ ಬಾಗಿಲು ಬಾಗಿಲಿಗೆ ಹೋಗಿ ಕೇಳಿ ಹೊಂದಿಸಿಕೊಳ್ಳಬೇಕಿತ್ತು. ಬಹಳ ಸಲ ಏಳು ವಾರಗಳೂ ಕೂಡಿಬರುತ್ತಿರಲಿಲ್ಲ. ನಾಲ್ಕೋ ಐದೋ ಸಿಕ್ಕರೆ ಮಿಕ್ಕ ದಿನಗಳಿಗೆ ಛತ್ರವೋ ದೇವಸ್ಥಾನದ ಪ್ರಸಾದವೋ ಉಪವಾಸವೋ ಗತಿಯಾಗುತ್ತಿತ್ತು. ಊಟಕ್ಕೆ ಮೊದಲು ಸ್ನಾನ, ಮಡಿಪಂಚೆ, ಸಂಧ್ಯಾವಂದನೆ ಆಗಿರಬೇಕು; ಪಂಕ್ತಿಯಲ್ಲಿ ಮನೆಯ ಹಿರಿಯರು, ನೆಂಟರು ಕುಳಿತ ಮೇಲೆ ಕೊನೆಯ ಎಲೆ ಅವನದು; ಉಂಡ ಮೇಲೆ ಎಲೆ ತೆಗೆದು, ಆ ಸ್ಥಳಕ್ಕೆ ಗೋಮಯ ಹಚ್ಚುವುದೂ ಅವನ ಪಾಲಿನದೇ. ಕೆಲವು ಮನೆಗಳಲ್ಲಿ ಇಷ್ಟಕ್ಕೇ ಮುಗಿಯುತ್ತಿತ್ತು. ಇನ್ನು ಕೆಲವು ಮನೆಗಳಲ್ಲಿ ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂ ಬಿಡಿಸುವುದು, ಅಂಗಡಿಗೆ ಓಡುವುದು, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಸೇರಿಕೊಳ್ಳುತ್ತಿದ್ದವು. ಮನೆಯವರು ಊರಿಗೆ ಹೋದರೆ, ಸೂತಕ ಬಂದರೆ, ಆ ವಾರ ತಪ್ಪಿತೆಂದೇ ಅರ್ಥ. ಏಕಾದಶಿಯಂದು ಉಪವಾಸವನ್ನು ಕಟ್ಟುನಿಟ್ಟಾಗಿ ಆಚರಿಸುವ ಮನೆ ಆ ದಿನಕ್ಕೆ ಬಿದ್ದಿದ್ದರೆ ಹುಡುಗನಿಗೂ ಪುಣ್ಯ ಪ್ರಾಪ್ತವಾಗುತ್ತಿತ್ತು.

ಇಂಥ ಬದುಕು ಯಾವ ಬಗೆಯ ಮನುಷ್ಯನನ್ನು ರೂಪಿಸಿತು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದು. ಏಳು ಮನೆಗಳ ಏಳು ರೀತಿನೀತಿಗಳಿಗೆ ಹೊಂದಿಕೊಳ್ಳಬೇಕಾದ ಹುಡುಗನು ಮುಖ ನೋಡಿ ಮನಸ್ಸನ್ನು ಅಳೆಯುವುದನ್ನು, ಎರಡನೆಯ ಸಲ ಬಡಿಸಲು ಬಂದಾಗ ಸಾಕು ಎನ್ನುವುದನ್ನು, ಹಸಿವನ್ನು ತೋರಗೊಡದಿರುವುದನ್ನು ಬಹುಬೇಗ ಕಲಿತನು. ಎಸ್.ಎಲ್. ಭೈರಪ್ಪನವರ ಆತ್ಮಕಥನ ‘ಭಿತ್ತಿ’ಯಲ್ಲಿ ಈ ಕಲಿಕೆಯ ಕಹಿ ಎಷ್ಟು ಕಾಲ ಉಳಿಯಬಲ್ಲದೆಂಬುದು ಕಾಣುತ್ತದೆ. ಆದರೆ ಕಹಿಯಷ್ಟೇ ಉಳಿಯಿತೆಂದರೆ ಅದು ಅರ್ಧ ಸತ್ಯ. ವಕೀಲರು, ಅಮಲ್ದಾರರು, ಕಾಲೇಜಿನ ಅಧ್ಯಾಪಕರು ಇದ್ದ ಮನೆಗಳಲ್ಲಿ ಉಂಡವನು ಅವರ ಮಾತಿನ ಧಾಟಿಯನ್ನೂ ಪತ್ರಿಕೆ ಓದುವ ಅಭ್ಯಾಸವನ್ನೂ ಕಚೇರಿಯ ಸಮಾಚಾರವನ್ನೂ ಕೇಳಿಸಿಕೊಂಡು ಬೆಳೆದನು; ಬಡತನದಲ್ಲಿ ಹುಟ್ಟಿದವನಿಗೆ ನೌಕರಶಾಹಿಯ ಲೋಕವು ಅಪರಿಚಿತವಾಗಿ ಉಳಿಯಲಿಲ್ಲ. ಅವಮಾನದ ಜೊತೆಯಲ್ಲಿಯೇ ಒಂದು ಅರ್ಹತೆಯೂ ಕೈಗೂಡುತ್ತಿತ್ತು, ಮತ್ತು ಆ ಅರ್ಹತೆಗೆ ಜಾತಿಯ ಬೇಲಿಯಿತ್ತು. ಮಡಿಯ ಮನೆಯ ಪಂಕ್ತಿಯಲ್ಲಿ ಒಕ್ಕಲಿಗರ ಹುಡುಗನಿಗೆ, ಕುರುಬರ ಹುಡುಗನಿಗೆ ಕೊನೆಯ ಎಲೆಯೂ ಇರಲಿಲ್ಲ. ದಲಿತ ಹುಡುಗನಿಗೆ ಆ ಬೀದಿಯೇ ಇರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ಮಧುಕರಿ ಎಂಬ ಪದ್ಧತಿಯಿತ್ತು. ಅದರಲ್ಲಿ ವಿದ್ಯಾರ್ಥಿಯು ಕೆಲವು ಮನೆಗಳಿಂದ ಬೇಯಿಸಿದ ಅನ್ನವನ್ನು ಸಂಗ್ರಹಿಸಿಕೊಂಡು ಬಂದು ಉಣ್ಣುತ್ತಿದ್ದನು. ವೀರಶೈವ ಮಠಗಳ ವಟುಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ತರುತ್ತಿದ್ದ ಕಂತಿಭಿಕ್ಷೆ ಇವೆರಡಕ್ಕಿಂತ ಭಿನ್ನವಾದದ್ದು. ವಾರಾನ್ನದ ಹುಡುಗನು ಒಬ್ಬನೇ ಹೋಗಿ ಒಬ್ಬನೇ ಉಣ್ಣುತ್ತಿದ್ದನು. ಕಂತಿಭಿಕ್ಷೆಯ ಅನ್ನವಾದರೋ ಮಠಕ್ಕೆ ಬಂದು, ಎಲ್ಲರದೂ ಒಂದಾಗಿ, ಎಲ್ಲರಿಗೂ ಹಂಚಿಕೆಯಾಗುತ್ತಿತ್ತು. ಮುಂದೆ ಹಲವು ಮಠಗಳು ಉಚಿತ ಪ್ರಸಾದನಿಲಯಗಳನ್ನು ಅಷ್ಟು ಸಲೀಸಾಗಿ ತೆರೆಯಲು ಸಾಧ್ಯವಾದುದಕ್ಕೆ ಈ ಹಂಚಿಕೆಯ ಅಭ್ಯಾಸವೂ ಒಂದು ಕಾರಣವಾಗಿರಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ವಾರಾನ್ನದ ಹೊರಗುಳಿದ ಸಮುದಾಯಗಳು ತಮ್ಮದೇ ಊಟದ ಮನೆಗಳನ್ನು ಕಟ್ಟಿಕೊಳ್ಳತೊಡಗಿದವು. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಮರಾಠ, ಜೈನ, ಲಿಂಗಾಯತ, ಅಸ್ಪೃಶ್ಯ ಎಂದು ಒಂದೊಂದು ಸಮುದಾಯಕ್ಕೂ ಪ್ರತ್ಯೇಕ ವಸತಿಗೃಹಗಳಿಗೆ ಬೆಂಬಲ ಕೊಟ್ಟಿದ್ದರ ಸುದ್ದಿ ನೆರೆಯ ಬೆಳಗಾವಿ ಸೀಮೆಗೆ ತಲುಪಲು ಹೆಚ್ಚು ಕಾಲ ಬೇಕಾಗಲಿಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಸಹಾಯಕ್ಕೆ ಬಿಟ್ಟುಹೋದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ಬೆಳೆಸಿದರು. ಮೈಸೂರು ಸಂಸ್ಥಾನದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಘ 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಸ್ಥಾಪನೆಯಾದವು. ಈ ಸಂಘಗಳ ಉದ್ದೇಶಗಳಲ್ಲಿ ಪತ್ರಿಕೆ, ಸಮ್ಮೇಳನ, ವಿದ್ಯಾರ್ಥಿವೇತನ ಎಲ್ಲವೂ ಇದ್ದವು. ಆದರೆ ಹಳ್ಳಿಯ ರೈತನು ಸಂಘವೆಂದು ಗುರುತಿಸಿದ್ದು ಬೆಂಗಳೂರಿನಲ್ಲಿ ತನ್ನ ಮಗನಿಗೆ ಜಾಗ ಕೊಟ್ಟ ಹಾಸ್ಟೆಲನ್ನು.

ಈ ಹಾಸ್ಟೆಲುಗಳ ಒಳಗೆ ನಡೆದ ಬದಲಾವಣೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಹಳ್ಳಿಯಿಂದ ಬಂದ ಹುಡುಗನು ತನ್ನನ್ನು ಗಂಗಡಿಕಾರನೆಂದೋ ಮೊರಸಿನವನೆಂದೋ ಕುಂಚಿಟಿಗನೆಂದೋ ತಿಳಿದಿದ್ದನು. ಈ ಒಳಪಂಗಡಗಳ ನಡುವೆ ಹೆಣ್ಣು ಕೊಟ್ಟು ತರುವ ವಾಡಿಕೆ ಇರಲಿಲ್ಲ, ದೇವರು ಬೇರೆ, ಮದುವೆಯ ಶಾಸ್ತ್ರ ಬೇರೆ, ಕೆಲವರ ಮನೆಮಾತೂ ಬೇರೆ. ಒಂದೇ ಸಾಲಿನಲ್ಲಿ ಕುಳಿತು, ಒಂದೇ ಕೊಳದಪ್ಪಲೆಯ ಸಾರಿಗೆ ಮುದ್ದೆ ಮುರಿದು, ಒಂದೇ ಕೊಠಡಿಯಲ್ಲಿ ನಾಲ್ಕಾರು ವರ್ಷ ಚಾಪೆ ಹಾಸಿದ ಮೇಲೆ ಅವರೆಲ್ಲರೂ ಒಕ್ಕಲಿಗರಾದರು. ವೀರಶೈವ ನಿಲಯಗಳಲ್ಲಿ ಪಂಚಮಸಾಲಿ, ಬಣಜಿಗ, ಸಾದರ, ನೊಣಬ ಮನೆತನಗಳ ಹುಡುಗರಿಗೂ ಇದೇ ಅನುಭವವಾಯಿತು. ಒಳಪಂಗಡಗಳು ಅಡ್ಡಡ್ಡಲಾಗಿ ಬೆಸೆದುಕೊಂಡು ದೊಡ್ಡ ಜಾತಿಗಳಾಗುವುದು ಆಧುನಿಕ ಭಾರತದ ಒಂದು ಮುಖ್ಯ ಲಕ್ಷಣವೆಂದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಗುರುತಿಸಿದ್ದಾರೆ. ಈ ಬೆಸುಗೆಗೆ ಸಂಘದ ವೇದಿಕೆಯ ಭಾಷಣಗಳಿಗಿಂತ ಹಾಸ್ಟೆಲಿನ ಅಡುಗೆಮನೆ ಹೆಚ್ಚು ದುಡಿಯಿತು ಎಂದು ಹೇಳಿದರೆ ತಪ್ಪಾಗಲಾರದು. ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯು 1919ರಲ್ಲಿ ಸಲ್ಲಿಸಿದ ವರದಿಯಂತೆ ಮೈಸೂರು ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಆದ್ಯತೆ ದೊರೆಯತೊಡಗಿದಾಗ ಅರ್ಜಿ ಹಾಕಲು ಪದವೀಧರರು ಬೇಕಾಗಿದ್ದರು. ಅವರನ್ನು ಸಿದ್ಧಪಡಿಸಿಕೊಟ್ಟದ್ದೂ ಇವೇ ನಿಲಯಗಳು. ಹಾಸ್ಟೆಲು ಜಾತಿಯನ್ನು ಅಳಿಸಲಿಲ್ಲ. ಚಿಕ್ಕದಾಗಿದ್ದ ಜಾತಿಯನ್ನು ದೊಡ್ಡದು ಮಾಡಿ, ಅದಕ್ಕೆ ಸಂಕೋಚದ ಬದಲು ಸ್ವಾಭಿಮಾನವನ್ನು ತುಂಬಿ, ಜೀವನಪೂರ್ತಿ ಜೊತೆಗಿರುವ ಗುರುತನ್ನಾಗಿಸಿತು.

ಇದಕ್ಕೆ ಅಪವಾದಗಳೂ ಇದ್ದವು. ಶಿವಮೊಗ್ಗದ ಮಲೆನಾಡಿನಿಂದ ಮೈಸೂರಿಗೆ ಬಂದ ಕುವೆಂಪು ಅವರನ್ನು ಸುಮಾರು ಒಂದು ದಶಕ ಕಾಲ ಪೊರೆದದ್ದು ಜಾತಿಯ ನಿಲಯವಲ್ಲ, ರಾಮಕೃಷ್ಣಾಶ್ರಮ. ಅವರ ಮುಂದಿನ ವಿಚಾರಗಳಲ್ಲಿ ಆ ವಾಸದ ಗುರುತು ಎದ್ದು ಕಾಣುತ್ತದೆ. ತುಮಕೂರಿನ ಸಿದ್ಧಗಂಗಾ ಮಠವಂತೂ, ಉದ್ದಾನ ಶಿವಯೋಗಿಗಳ ಬಳಿಕ 1941ರಲ್ಲಿ ಅಧ್ಯಕ್ಷರಾದ ಶಿವಕುಮಾರ ಸ್ವಾಮಿಗಳ ದೀರ್ಘ ಕಾಲದಲ್ಲಿ, ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳಿಗೆ ಅನ್ನ, ವಸತಿಗಳನ್ನು ಕೊಟ್ಟಿತು. ನಸುಕಿನಲ್ಲಿ ಏಳುವುದು, ಬಯಲಿನಲ್ಲಿ ಸಾಲಾಗಿ ಕುಳಿತು ಸಾಮೂಹಿಕ ಪ್ರಾರ್ಥನೆ ಮಾಡುವುದು, ತಟ್ಟೆ ತೊಳೆದಿಡುವುದು ಎಂಬ ದಿನಚರಿಯು ಅಲ್ಲಿಂದ ಹೊರಬಂದವರ ದೇಹದಲ್ಲಿ ಎಷ್ಟು ಆಳವಾಗಿ ಕುಳಿತಿರುತ್ತದೆ ಎಂದರೆ, ಅಂಥವರು ನಿವೃತ್ತಿಯ ವಯಸ್ಸಿನಲ್ಲಿಯೂ ತಮ್ಮನ್ನು ಸಿದ್ಧಗಂಗೆಯ ವಿದ್ಯಾರ್ಥಿ ಎಂದೇ ಪರಿಚಯಿಸಿಕೊಳ್ಳುವುದು ತುಮಕೂರು ಸೀಮೆಯಲ್ಲಿ ಸಾಮಾನ್ಯ ಸಂಗತಿ.

ದಲಿತ ವಿದ್ಯಾರ್ಥಿಗಳ ಕಥೆ ಬೇರೆಯೇ ದಾರಿಯಲ್ಲಿ ಸಾಗಿತು. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಮೇಲುಜಾತಿಗಳವರ ತೀವ್ರ ವಿರೋಧವನ್ನು ಎದುರಿಸಬೇಕಾಯಿತು. ಬೆಂಗಳೂರಿನ ಶ್ರೀರಾಮಪುರದಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲಿನಲ್ಲಿ ಓದಿದ ಸಿದ್ಧಲಿಂಗಯ್ಯನವರು ತಮ್ಮ ‘ಊರುಕೇರಿ’ಯಲ್ಲಿ ಆ ಬದುಕನ್ನು ನಗುನಗುತ್ತಲೇ ಚಿತ್ರಿಸಿದ್ದಾರೆ, ಹಸಿವು, ಚೇಷ್ಟೆ, ಭಾಷಣದ ಹುಚ್ಚು, ಓದಲು ಸ್ಮಶಾನದ ಏಕಾಂತ, ಎಲ್ಲವೂ ಅಲ್ಲಿವೆ. ಕೇರಿಯಲ್ಲಿ ಒಬ್ಬೊಬ್ಬನೇ ಅನುಭವಿಸಿದ ಅವಮಾನವು ಹತ್ತಾರು ಊರುಗಳ ಹುಡುಗರು ಒಂದೆಡೆ ಕೂಡಿ ಮಾತಾಡಿಕೊಂಡಾಗ ಒಬ್ಬನ ಹಣೆಬರಹವಾಗಿ ಉಳಿಯಲಿಲ್ಲ, ಎಲ್ಲರ ಪ್ರಶ್ನೆಯಾಯಿತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ ಎಂಬರ್ಥದ ಮಾತಾಡಿದಾಗ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳೂ ಅವರ ಹಾಸ್ಟೆಲುಗಳೂ ದಾಳಿಗೆ ಗುರಿಯಾದವು. ಅದರ ಬೆನ್ನಿಗೇ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರಲ್ಲಿ ಅನೇಕರು ಈ ನಿಲಯಗಳಿಂದ ಬಂದವರು. 1975ರಲ್ಲಿ ಪ್ರಕಟವಾದ ‘ಹೊಲೆಮಾದಿಗರ ಹಾಡು’ ಎಂಬ ಸಂಕಲನದ ಹೆಸರೇ, ಮುಚ್ಚಿಟ್ಟುಕೊಳ್ಳಲು ಕಲಿಸಲಾಗಿದ್ದ ಗುರುತನ್ನು ಎತ್ತಿ ಹಿಡಿಯುವ ಹೊಸ ಸಾಮಾಜೀಕರಣದ ಫಲವಾಗಿದೆ.

ಇಡೀ ಈ ಚರಿತ್ರೆ ಬಹುಮಟ್ಟಿಗೆ ಗಂಡುಹುಡುಗರದೆಂಬುದನ್ನು ಮರೆಯಬಾರದು. ವಾರಾನ್ನಕ್ಕೆ ಹುಡುಗಿಯರನ್ನು ಕಳಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ಆ ಅನ್ನವನ್ನು ಬೇಯಿಸಿ, ಬಡಿಸಿದವರು ಹೆಂಗಸರು, ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿ ದಲಿತ ಬಾಲಕಿಯರಿಗಾಗಿ ನಡೆಸಿದ ಆಶ್ರಮದಂಥ ಪ್ರಯತ್ನಗಳು ವಿರಳವಾಗಿದ್ದವು. ಹಳ್ಳಿಯ ಹೆಣ್ಣುಮಕ್ಕಳಿಗೆ ಮನೆಯ ಹೊರಗೊಂದು ಎರಡನೆಯ ಮನೆ ದೊಡ್ಡ ಪ್ರಮಾಣದಲ್ಲಿ ದೊರೆತದ್ದು ಸರ್ಕಾರಿ ಬಾಲಕಿಯರ ವಿದ್ಯಾರ್ಥಿನಿಲಯಗಳು ತಾಲ್ಲೂಕು ಮಟ್ಟಕ್ಕೆ ಬಂದ ಮೇಲೆಯೇ.

ಬಾಲ್ಯದ ಮನೆಯ ಸ್ಥಾನವನ್ನು ವಿದ್ಯಾರ್ಥಿನಿಲಯವು ಎಷ್ಟರ ಮಟ್ಟಿಗೆ ತುಂಬಬಲ್ಲದು ಎಂಬುದಕ್ಕೆ ಎಚ್. ನರಸಿಂಹಯ್ಯನವರಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿ, 1935ರಲ್ಲಿ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಅವರು, ಉಚಿತ ನಿಲಯದ ಅನ್ನದಲ್ಲಿ ಓದಿ, ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ, 2005ರಲ್ಲಿ ತೀರಿಕೊಳ್ಳುವವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೊಠಡಿಯಲ್ಲಿಯೇ ಇದ್ದರು.

ಈ ವಿದ್ಯಾರ್ಥಿನಿಲಯಗಳಲ್ಲಿ ಹಲವು ಈಗ ನೂರು ವರ್ಷ ದಾಟಿವೆ, ಶತಮಾನೋತ್ಸವದ ಸ್ಮರಣ ಸಂಚಿಕೆಗಳು ಮಂತ್ರಿಗಳ ಸಂದೇಶ, ದಾನಿಗಳ ಭಾವಚಿತ್ರಗಳೊಂದಿಗೆ ಹೊರಬರುತ್ತಿವೆ. ಚರಿತ್ರೆಗೆ ಬೇಕಾದದ್ದು ಬೇರೆ: ಯಾವ ಊರಿನ, ಯಾರ ಮಗ, ಯಾವ ವರ್ಷ ಸೇರಿದನು, ಏಕೆ ಬಿಟ್ಟುಹೋದನು ಎಂಬುದನ್ನು ಹೇಳುವ ದಾಖಲಾತಿ ಪುಸ್ತಕಗಳು, ಅಡುಗೆಮನೆಯ ಲೆಕ್ಕದ ವಹಿಗಳು, ಪಾಲಕರು ಬರೆದ ಕಾಗದಗಳು. ಸಂಘಗಳೂ ಮಠಗಳೂ ತಮ್ಮ ಉಗ್ರಾಣಗಳಲ್ಲಿ ಇವು ಉಳಿದಿದ್ದರೆ ರದ್ದಿಗೆ ಹಾಕದೆ, ಸಂಶೋಧಕರಿಗೆ ತೆರೆದಿಡಬೇಕು.