ಸರದಿಯಲ್ಲಿ ಅರಳಿದ ಬೆಂಗಳೂರು

ಗಿಡ ಆರಿಸುವಾಗ ಹೂವಿನ ಬಣ್ಣದ ಜೊತೆಗೆ ಅದು ಅರಳುವ ತಿಂಗಳನ್ನೂ ನೋಡಬೇಕು. ಬೆಂಗಳೂರಿನಲ್ಲಿ ಇದನ್ನು ಮಾಡಿ ತೋರಿಸಿದವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾಕ್ಕೆ ಬಂದಿದ್ದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ 1908ರಲ್ಲಿ ಲಾಲ್‌ಬಾಗಿಗೆ ಕರೆಸಿಕೊಂಡರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಅವರು ಬೀದಿಗಳಿಗೆ ಮರಗಳನ್ನು ಆರಿಸಿದರು. ಮಾರ್ಚ್‌ನಲ್ಲಿ ಜಕರಂಡದ ನೀಲಿ. ಅದು ಮುಗಿಯುವಷ್ಟರಲ್ಲಿ ಗುಲ್‌ಮೊಹರ್‌ನ ಕೆಂಪು.

ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ರಸ್ತೆ ಅಗಲಿಸಲು ಸಾಲುಮರ ಉರುಳಿದರೆ ನೆರಳಿನೊಂದಿಗೆ ಆ ಸರದಿಯೂ ತಪ್ಪುತ್ತದೆ. ಬದಲಿಗೆ ಸಸಿ ನೆಡುವವರು ಎಷ್ಟು ಎಂದು ಲೆಕ್ಕ ಕೊಡುತ್ತಾರೆ. ಯಾವ ತಿಂಗಳಿಗೆ ಯಾವುದು ಎಂದೂ ಹೇಳಬೇಕು. ಮನೆಯಂಗಳದಲ್ಲಿ ನಾಲ್ಕು ಗಿಡ ನೆಡುವವರಿಗೂ ಇದೇ ಲೆಕ್ಕ.